ಸ್ಟಾಡ್ ಸಾಹೇಬ್ರು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆ ಮನೆ ಕಟ್ಟಿಸಲು ಹೊರಟವರಿಗೆಲ್ಲ ಸ್ಟಾಡ್ ಸಾಹೇಬ್ರು ಗೊತ್ತು. ಹೆಲ್ಮೆಟ್ ಮರೆತಾರು, ಲ್ಯಾಪ್‌ಟಾಪ್ ಮರೆಯರು. ಮಾತು ಶುರುವಾಗುವುದೇ ದುಬೈನಿಂದ: “828 ಮೀಟರಿನ ಬುರ್ಜ್ ಖಲೀಫಾದ ಲೆಕ್ಕ ಈಟ್ಯಾಬ್ಸ್ ಸಾಫ್ಟ್‌ವೇರ್‌ನಾಗ ಆಗಿದ್ದು, ಗೌಡ್ರ!” ಗೌಡರು ಕಟ್ಟಿಸುತ್ತಿರುವುದು ಮೂವತ್ತು ನಲವತ್ತರ ಸೈಟಿನಲ್ಲಿ ಎರಡಂತಸ್ತು, ಮೇಲೊಂದು ನೀರಿನ ಟ್ಯಾಂಕು.

ಸಾಹೇಬರದು ಅದೇ ಜಾತಿಯ ಇನ್ನೊಂದು ತಂತ್ರಾಂಶ, ಸ್ಟಾಡ್. ಕೈಲೆಕ್ಕಕ್ಕೆ ದಿನಗಟ್ಟಲೆ ಹಿಡಿಯುವ ಕೆಲಸವನ್ನು ಅದು ಬಿಸಿ ಮಿರ್ಚಿ ಆರುವಷ್ಟರಲ್ಲಿ ಮುಗಿಸುತ್ತದೆ, ಸುಳ್ಳಲ್ಲ. ಘನ ಮೀಟರ್ ಕಾಂಕ್ರೀಟಿಗೆ 25 ಕಿಲೋನ್ಯೂಟನ್‌ನಂತೆ ಮನೆಯ ಸ್ವಂತ ತೂಕ, ಜನ-ಸಾಮಾನಿನ ಭಾರ, ಭಾರತೀಯ ಮಾನಕ ಐಎಸ್ 1893ರ ಭೂಕಂಪದ ಒದೆತ, ಎಲ್ಲ ಕೂಡಿಸಿ, ಐಎಸ್ 456ರ ಪ್ರಕಾರ ಒಂದೂವರೆ ಪಟ್ಟಿನ ತನಕ ಹಿಗ್ಗಿಸಿ, ಯಾವ ಕಾಲಮ್ಮಿಗೆ ಎಷ್ಟು ರಾಡು ಅಂತ ಒಪ್ಪಿಸುತ್ತದೆ. ಸಾಹೇಬರ ಜೀವ ಮಾತ್ರ ಅನಿಮೇಶನ್ನಿನಲ್ಲಿ. ಕಣ್ಣಿಗೆ ಕಾಣದ ಮಿಲಿಮೀಟರ್ ಬಾಗನ್ನು ಹತ್ತಾರು ಪಟ್ಟು ಹಿಗ್ಗಿಸಿ ಆಡಿಸುವ ಆಟ ಅದು. ಮೊದಲ ಸಲ ನೋಡಿದ ಗೌಡ್ರ ಮನೆಯವರು, “ಅಯ್ಯೋ, ಮನಿ ಕುಣಿಯಾಕ ಹತ್ತೈತಲ್ರೀ!” ಎಂದು ಬಾಯಿಗೆ ಸೆರಗು ಹಿಡಿದರು.

ಮರುದಿನ ಮನೆ ಮೇಲಕ್ಕೇ ಎದ್ದಿತು. ಪಾಯಕ್ಕೆ ಬೀಳುವ ಭಾರದ ಪಟ್ಟಿಯಲ್ಲಿ ಅಂಕಿ ಅಂಕಿಗೂ ಮೈನಸ್. ಸಾಹೇಬರು ಎರಡು ಸಲ ರನ್ ಕೊಟ್ಟರು. ಎರಡು ಸಲವೂ ಎರರ್ ಸೊನ್ನೆ, ವಾರ್ನಿಂಗ್ ಸೊನ್ನೆ. ಬೀಡಿ ಆರಿಸಿ ಇಣುಕಿದ ಮೇಸ್ತ್ರಿ ಕೇಳಿದ:

“ಹಾರೋ ಮನಿಗೆ ಪಾಯ ಯಾಕ್ರೀ ಸರ?”

‘ಸೆಲ್ಫ್‌ವೆಯ್ಟ್ ವೈ ಮೈನಸ್ ಒಂದು’ ಎಂದು ಕೊಡಬೇಕಾದಲ್ಲಿ ಮೈನಸ್ ಬಿಟ್ಟುಹೋಗಿತ್ತು. ವೈ ಅಕ್ಷದ ಮುಖ ಮೇಲಕ್ಕೆ. ಮೈನಸ್ ಇಲ್ಲದಿದ್ದರೆ ತೂಕದ ದಾರಿಯೂ ಆಕಾಶಕ್ಕೇ. ಇಂಥದ್ದಕ್ಕೆಂದೇ ಸ್ಟಾಡ್‌ನಲ್ಲಿ ಹೇರಿದ ಒಟ್ಟು ಭಾರ ತೋರಿಸುವ ಬಡ ಕೋಷ್ಟಕವೊಂದಿದೆ. ಸಿಮೆಂಟ್ ಚೀಲದ ಮೇಲೆ ಗೀಚಿದ ಅಂದಾಜಿಗೆ ಅದು ತಾಳೆಯಾದರೆ ಅರ್ಧ ಗೆದ್ದಂತೆ. ಬಣ್ಣವಿಲ್ಲ, ಕುಣಿತವಿಲ್ಲ, ಆದರೂ ಇಡೀ ತಂತ್ರಾಂಶದಲ್ಲಿ ಅದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದು ಇರಲಾರದು. ಸಾಹೇಬರು ಅದನ್ನು ತೆರೆದದ್ದು ಅವತ್ತೇ ಮೊದಲು.

ಮೈನಸ್ ಕೂತಿತು, ಮನೆ ಇಳಿಯಿತು. ಆದರೆ ಪರದೆಯಲ್ಲಿ ಕಾಲಮ್ಮಿನ ಬುಡ ‘ಫಿಕ್ಸೆಡ್’, ಅಂದರೆ ಅಲುಗಾಡದ್ದು. ಸೈಟಿನಲ್ಲಿರುವುದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು. “ಗಟ್ಟಿ ಗರಸು ಹತ್ತೋತನಕ ಅಗೀಬೇಕ್ರಿ,” ಎಂದ ಮೇಸ್ತ್ರಿ. ಸಾಹೇಬರು ಲ್ಯಾಪ್‌ಟಾಪ್ ಮಡಚಿ ಟೇಪಿನ ಇನ್ನೊಂದು ತುದಿ ಹಿಡಿದರು.

ಗರಸು ಹತ್ತಿದ್ದು ಐದೂವರೆ ಅಡಿಗೆ.