ನಾಲ್ಕು ಡಿಸ್ಕಿನ ಗೃಹಸ್ಥ

ನಾಲ್ಕು ಡಿಸ್ಕಿನ ಗೃಹಸ್ಥ ಎಂದರೆ ಮನೆಯ ಫೋಟೊ, ವಿಡಿಯೊ, ಹಾಡು, ಕಾಗದಪತ್ರಗಳನ್ನೆಲ್ಲ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಕೂಡಿಟ್ಟು, ಅದರೊಳಗಿನ ಹಾರ್ಡ್‌ಡಿಸ್ಕುಗಳಲ್ಲಿ ಒಂದು ಸತ್ತರೂ ಏನೂ ಆಗುವುದಿಲ್ಲವೆಂದು ಬಂದವರಿಗೆಲ್ಲ ಹೇಳುತ್ತ, ನಿಜಕ್ಕೂ ಒಂದು ಸತ್ತ ದಿನ ಊಟ ಬಿಡುವ ವ್ಯಕ್ತಿ. ವಯಸ್ಸು ಸಾಮಾನ್ಯವಾಗಿ ನಲವತ್ತರ ಮೇಲೆ. ಉದ್ಯೋಗ ಸಾಫ್ಟ್‌ವೇರು, ಇಲ್ಲವೇ ಸಾಫ್ಟ್‌ವೇರಿನವರ ಸಹವಾಸ. ಬೆಂಗಳೂರಿನ ಜಯನಗರ, ವಿಜಯನಗರ, ಮಲ್ಲೇಶ್ವರಗಳಲ್ಲಿ ಈ ಜಾತಿ ಸುಲಭವಾಗಿ ಸಿಗುತ್ತದೆ. ಮೈಸೂರಿನ ಕುವೆಂಪುನಗರದಲ್ಲೂ ಅಲ್ಲೊಂದು ಇಲ್ಲೊಂದು ಉಂಟು.

ಪೆಟ್ಟಿಗೆಗೆ ಆತ ಕರೆಯುವ ಹೆಸರು ನಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಅಂಟಿಕೊಂಡಿರುವ ಉಗ್ರಾಣ. ಮನೆಯವರು ಕರೆಯುವ ಹೆಸರು ‘ಆ ಡಬ್ಬ’. ಟೀವಿಯ ಕೆಳಗೆ, ರೂಟರಿನ ಪಕ್ಕ ಅದರ ವಾಸ. ಆಯುಧಪೂಜೆಯ ದಿನ ಕಾರು, ಸ್ಕೂಟರು, ಮಿಕ್ಸಿಗಳ ಜೊತೆ ಇದಕ್ಕೂ ಅರಿಶಿನ ಕುಂಕುಮ ಏರುತ್ತದೆ. ಸೇವಂತಿಗೆಯ ಎಸಳು ಹಿಂದಿನ ಫ್ಯಾನಿಗೆ ಸಿಕ್ಕೀತೆಂದು, ಅಕ್ಷತೆ ಗಾಳಿಕಿಂಡಿಯೊಳಗೆ ಇಳಿದೀತೆಂದು ಆತ ಪೂಜೆ ಮುಗಿಯುವವರೆಗೂ ಪಕ್ಕದಲ್ಲೇ ನಿಂತಿರುತ್ತಾನೆ. ನೋಡಿದವರು ಭಕ್ತಿ ಎಂದುಕೊಳ್ಳುತ್ತಾರೆ.

ಈ ಜಾತಿ ಹಿಂದೆಯೂ ಇತ್ತಾದರೂ ಸಂತತಿ ಬೆಳೆಯಲು ಒಂದು ತಾರೀಖು ನೆರವಾಯಿತು. 2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್ ಸ್ವಲ್ಪ ಕುಗ್ಗಿಸಿದ ಚಿತ್ರಗಳನ್ನು ಲೆಕ್ಕವಿಡದೆ ಪುಕ್ಕಟೆ ಇಟ್ಟುಕೊಳ್ಳುತ್ತಿತ್ತು. ಅಂದಿನಿಂದ ಹೊಸ ಫೋಟೊಗಳೆಲ್ಲ 15 ಜಿಬಿಯ ಲೆಕ್ಕಕ್ಕೆ ಬಿದ್ದವು, ಮಿಕ್ಕಿದ್ದಕ್ಕೆ ಬಾಡಿಗೆ. ಬಾಡಿಗೆ ಎಂಬ ಮಾತು ಕೇಳಿದ ಕೂಡಲೇ ಬೆಂಗಳೂರಿಗನಿಗೆ ಸ್ವಂತ ಸೈಟಿನ ಯೋಚನೆ ಬರುತ್ತದೆ. ತಿಂಗಳು ತಿಂಗಳು ಕಟ್ಟುವ ದುಡ್ಡಿನಲ್ಲಿ ನಮ್ಮದೇ ಒಂದು ಆಗಿಬಿಡುತ್ತದಲ್ಲ ಎಂದು ಆತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಹೆಂಡತಿಗೆ ತೋರಿಸಿದ. ಆ ಲೆಕ್ಕದಲ್ಲಿ ತೈವಾನಿನ ಪೆಟ್ಟಿಗೆಯ ಬೆಲೆ ಇತ್ತು, ನಾಲ್ಕು ಡಿಸ್ಕಿನ ಬೆಲೆ ಇತ್ತು. ಯುಪಿಎಸ್ಸು, ಇಪ್ಪತ್ತನಾಲ್ಕು ಗಂಟೆಯ ಕರೆಂಟು ಮತ್ತು ಐದನೆಯ ಡಿಸ್ಕು ಇರಲಿಲ್ಲ.

ನಾಲ್ಕು ಟಿಬಿಯ ನಾಲ್ಕು ಡಿಸ್ಕು ಕೊಂಡರೆ ಹದಿನಾರು ಟಿಬಿ ಸಿಗಬೇಕು. ಒಂದರಷ್ಟು ಜಾಗ ಭದ್ರತೆಗೆ ಹೋಗಿ ಹನ್ನೆರಡು ಉಳಿಯುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಮಾರಿ, ಪೆಟ್ಟಿಗೆ 1024ರ ಲೆಕ್ಕದಲ್ಲಿ ಅಳೆಯುವುದರಿಂದ ಪರದೆಯ ಮೇಲೆ ಕಾಣುವುದು 10.9. ಹಳೆಯ ಹಾಲಿನವನ ಲೀಟರಿನ ಹಾಗೆ ಇದಕ್ಕೂ ಒಂದು ಸಮಜಾಯಿಷಿ ಇದೆ; ಕೇಳುವವರು ಇಲ್ಲ.

ಭದ್ರತೆಯ ಈ ಏರ್ಪಾಡಿಗೆ ರೇಡ್ ಎಂದು ಹೆಸರು. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಎಂಬ ಮೂವರು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿದ್ದಾಗ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಇಂಗ್ಲಿಷಿನಲ್ಲಿ ಆ ಹೆಸರಿನ (RAID) ಕೊನೆಯಿಂದ ಎರಡನೆಯ ಅಕ್ಷರ ಮೊದಲಿಗೆ ‘ಅಗ್ಗದ’ ಎಂಬುದನ್ನು ಸೂಚಿಸುತ್ತಿತ್ತು. ಆಮೇಲೆ ವ್ಯಾಪಾರಿಗಳು ಅದನ್ನು ‘ಸ್ವತಂತ್ರ’ ಎಂದು ತಿದ್ದಿಕೊಂಡರು. ಬಿಲ್ಲು ನೋಡಿದವರಿಗೆ ತಿದ್ದುಪಡಿಯ ಔಚಿತ್ಯ ತಿಳಿಯುತ್ತದೆ. ಮೊದಲ ಅಕ್ಷರದ ರಿಡಂಡನ್ಸಿ ಎಂಬ ಪದ ನಮ್ಮ ಗೃಹಸ್ಥನಿಗೆ ಎರಡು ಕಡೆ ಎದುರಾಗುತ್ತದೆ. ಆಫೀಸಿನಲ್ಲಿ ಅದು ಕೇಳಿಬಂದರೆ ಯಾರದೋ ಕುರ್ಚಿ ಖಾಲಿಯಾಗುತ್ತದೆ. ಮನೆಯಲ್ಲಿ ಅದೇ ಪದಕ್ಕಾಗಿ ಕೈಯಿಂದ ದುಡ್ಡು ಹಾಕಿ ಒಬ್ಬನನ್ನು ಹೆಚ್ಚಿಗೆ ಇಟ್ಟುಕೊಳ್ಳಲಾಗುತ್ತದೆ.

ತತ್ತ್ವ ಕಷ್ಟದ್ದಲ್ಲ. ಮದುವೆಮನೆಯ ಮುಯ್ಯಿ ಪುಸ್ತಕದಲ್ಲಿ ಮೂರು ಹಾಳೆಯ ತುಂಬ ಲೆಕ್ಕ ಬರೆದು, ನಾಲ್ಕನೆಯದರಲ್ಲಿ ಮೂರರ ಮೊತ್ತವನ್ನು ಸಾಲು ಸಾಲಾಗಿ ಬರೆದಿಟ್ಟಂತೆ. ಮೂರರಲ್ಲಿ ಯಾವುದೇ ಹಾಳೆ ಹರಿದುಹೋದರೂ ಮೊತ್ತದಲ್ಲಿ ಉಳಿದೆರಡನ್ನು ಕಳೆದರೆ ಹೋದದ್ದು ಸಿಗುತ್ತದೆ. ಮೊತ್ತದ ಹಾಳೆಯೇ ಹೋದರೆ ಮತ್ತೆ ಕೂಡಿದರಾಯಿತು. ಎರಡು ಹಾಳೆ ಹರಿದರೆ ಮಾತ್ರ ಯಾರು ಎಷ್ಟು ಮುಯ್ಯಿ ಮಾಡಿದರೆಂಬುದು ದೇವರಿಗೇ ಗೊತ್ತು. ಡಿಸ್ಕಿನಲ್ಲಿ ಕೂಡುವ ಬದಲು ಒಂದುಗಳ ಸಂಖ್ಯೆ ಸರಿಯೋ ಬೆಸವೋ ಎಂದು ನೋಡುತ್ತಾರೆ, ಮತ್ತು ಮೊತ್ತದ ಹಾಳೆ ಒಂದೇ ಡಿಸ್ಕಿನಲ್ಲಿ ಕೂರದೆ ಸರದಿಯ ಮೇಲೆ ನಾಲ್ಕರಲ್ಲೂ ಹಂಚಿಹೋಗಿರುತ್ತದೆ. ಇದು ರೇಡ್ ಐದು. ಎರಡು ಹಾಳೆ ಹರಿದರೂ ತಡೆದುಕೊಳ್ಳುವ ರೇಡ್ ಆರು ಎಂಬುದೂ ಇದೆ. ಅದಕ್ಕೆ ಎರಡು ಡಿಸ್ಕಿನ ಜಾಗ ಬೇಕಾದ್ದರಿಂದ, ಕೊಳ್ಳುವಾಗ ಗೃಹಸ್ಥ ಅದನ್ನು ಅತಿಯಾಯಿತೆಂದು ಬಿಟ್ಟಿರುತ್ತಾನೆ. ಆ ನಿರ್ಧಾರ ಮತ್ತೆ ನೆನಪಿಗೆ ಬರುವ ರಾತ್ರಿ ಒಂದಿದೆ.

ಅದು ಎರಡೂವರೆಯ ಹೊತ್ತಿಗೆ ಬೀಪ್ ಸದ್ದಿನೊಂದಿಗೆ ಶುರುವಾಗುತ್ತದೆ. ಮನೆಯವರ ಗುಮಾನಿ ಮೊದಲು ಇನ್ವರ್ಟರಿನ ಮೇಲೆ, ಆಮೇಲೆ ಓವರ್‌ಹೆಡ್ ಟ್ಯಾಂಕಿನ ಅಲಾರಂ ಮೇಲೆ, ಬಳಿಕ ಮುಚ್ಚದ ಫ್ರಿಜ್ಜಿನ ಬಾಗಿಲ ಮೇಲೆ. “ಏನೋ ಬಡ್ಕೊಳ್ತಾ ಇದೆ ನೋಡೋ” ಎಂದು ತಾಯಿ ಕೋಣೆಯಿಂದ ಕೂಗುತ್ತಾರೆ. ಗೃಹಸ್ಥನಿಗೆ ಮೊದಲ ಬೀಪಿಗೇ ಗೊತ್ತಾಗಿರುತ್ತದೆ. ಕತ್ತಲಲ್ಲಿ ಹಸಿರು ದೀಪವಿರಬೇಕಾದ ಕಡೆ ಕಿತ್ತಳೆ ದೀಪ. ಪರದೆಯ ಮೇಲೆ ‘ಡಿಗ್ರೇಡೆಡ್’ ಎಂಬ ಮಾತು. ಫೋಟೊಗಳೆಲ್ಲ ಹಾಗೇ ತೆರೆಯುತ್ತವೆ, ಹಾಡು ಹಾಗೇ ಕೇಳುತ್ತದೆ. ನಾಲ್ಕು ಕಾಲಿನ ಮಂಚ ಮೂರು ಕಾಲಿನ ಮೇಲೆ ನಿಂತಿರುತ್ತದೆ, ಅಷ್ಟೆ.

ಮುನ್ಸೂಚನೆ ಇರಲಿಲ್ಲವೆಂದಲ್ಲ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ವರದಿಯನ್ನು ತಾನೇ ಬರೆದಿಡುತ್ತದೆ. ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ತನ್ನ ಶುಗರ್ ರಿಪೋರ್ಟನ್ನು ಆರು ತಿಂಗಳಿಂದ ಕವರಿನಿಂದ ಹೊರಗೆ ತೆಗೆಯದ ಗೃಹಸ್ಥ ಈ ವರದಿಯನ್ನು ವಾರಕ್ಕೊಮ್ಮೆ ಓದುತ್ತಾನೆ. 5ನೆಯ ಅಂಶ ಕೆಟ್ಟ ಜಾಗವನ್ನು ಬಿಟ್ಟು ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳ ಎಣಿಕೆ. 197ನೆಯದು ಓದಲು ಆಗದೆ, ಕೆಟ್ಟಿತೆಂದು ಘೋಷಿಸಲೂ ಆಗದೆ ಪೆಂಡಿಂಗ್ ಬಿದ್ದಿರುವವುಗಳದ್ದು. ಯಾವ ಸರ್ಕಾರಿ ಕಚೇರಿಯಲ್ಲಾದರೂ ಅರ್ಥವಾಗುವ ಪರಿಕಲ್ಪನೆ. ಹೋದ ತಿಂಗಳು ಅಲ್ಲಿ ಎಂಟು ಎಂದಿತ್ತು. ಎಂಟು ತಾನೆ, ಬಾರ್ಡರಿನಲ್ಲಿದೆ ಎಂದು ಆತ ಮುಂದೆ ಸಾಗಿದ್ದ.

ಇಲ್ಲಿಂದ ಮುಂದೆ ಶಾಸ್ತ್ರ ಒಂದು, ಆಚಾರ ಇನ್ನೊಂದು. ಶಾಸ್ತ್ರದ ಪ್ರಕಾರ ಮೊದಲು ಬೇಕಾದದ್ದನ್ನೆಲ್ಲ ಬೇರೆ ಕಡೆ ನಕಲು ಮಾಡಿಕೊಳ್ಳಬೇಕು, ಆಮೇಲೆ ಡಿಸ್ಕಿಗೆ ಕೈ ಹಾಕಬೇಕು. ಆಚಾರದಲ್ಲಿ ಗೃಹಸ್ಥ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಾಕುತ್ತಾನೆ. ಅದಕ್ಕೂ ಬಗ್ಗದಿದ್ದರೆ ಸತ್ತ ಡಿಸ್ಕನ್ನು ಹೊರಗೆಳೆದು, ಬಾಯಿಂದ ಉಫ್ ಎಂದು ಊದಿ, ಮತ್ತೆ ತಳ್ಳುತ್ತಾನೆ. ಟೇಪ್‌ರೆಕಾರ್ಡರಿನ ಕಾಲದಲ್ಲಿ ಹುಟ್ಟಿದವರ ಚಿಕಿತ್ಸೆ ಇದು. ಆಮೇಲೆ ಬಿಲ್ಲು ಹುಡುಕುತ್ತಾನೆ. ವಾರಂಟಿ ಮೂರು ವರ್ಷ. ಡಿಸ್ಕಿನ ವಯಸ್ಸು ಮೂರು ವರ್ಷ ಹನ್ನೊಂದು ದಿನ.

ಹೊಸ ಡಿಸ್ಕನ್ನು ಕೊಳ್ಳುವುದು ವರ ನೋಡುವುದಕ್ಕಿಂತ ಸೂಕ್ಷ್ಮದ ಕೆಲಸ. ಗಾತ್ರ ಹಳೆಯದಕ್ಕೆ ಸಮ ಅಥವಾ ಹೆಚ್ಚಿರಬೇಕು. ಒಂದು ಸೆಕ್ಟರು ಕಡಿಮೆಯಾದರೂ ಪೆಟ್ಟಿಗೆ ಸಂಬಂಧ ಒಪ್ಪುವುದಿಲ್ಲ. ದೊಡ್ಡದನ್ನು ತಂದರೆ ಹೆಚ್ಚಿನ ಜಾಗ ಸುಮ್ಮನೆ ಬಿದ್ದಿರುತ್ತದೆ. ಇನ್ನು ಗೋತ್ರದ ಪ್ರಶ್ನೆ. ಕೆಲವು ಡಿಸ್ಕುಗಳಲ್ಲಿ ಬರವಣಿಗೆಯ ಪಟ್ಟಿಗಳು ಒಂದರ ಪಕ್ಕ ಒಂದಿರುತ್ತವೆ. ಇನ್ನು ಕೆಲವುಗಳಲ್ಲಿ ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಹೊದಿಸಿರುತ್ತವೆ. ಹೆಂಚಿನ ಕ್ರಮದಲ್ಲಿ ಕಡಿಮೆ ತಟ್ಟೆಯಲ್ಲಿ ಹೆಚ್ಚು ಹಿಡಿಯುತ್ತದೆ ನಿಜ. ಆದರೆ ಮಾಡು ರಿಪೇರಿ ಮಾಡಿದವರಿಗೆ ಗೊತ್ತು, ನಡುವಿನ ಒಂದು ಹೆಂಚು ಬದಲಿಸಲು ಮೇಲಿನ ಎಷ್ಟನ್ನು ಸರಿಸಬೇಕೆಂದು. ಇಂಥ ಡಿಸ್ಕು ಸೇರಿಸಿದರೆ ಗಂಟೆಗಳ ಕೆಲಸ ದಿನಗಳಿಗೆ ಎಳೆಯುತ್ತದೆ, ಕೆಲವೊಮ್ಮೆ ನಡುವೆಯೇ ಕೈಚೆಲ್ಲುತ್ತದೆ. ನಾಸ್‌ಗೆಂದೇ ಮಾರುತ್ತಿದ್ದ ಡಿಸ್ಕುಗಳಲ್ಲೂ ಕೆಲವು ಹೆಂಚಿನವು ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯಾಗಿತ್ತು. ಅಂದಿನಿಂದ ಗೃಹಸ್ಥ ಮಾಡೆಲ್ ನಂಬರಿನ ಕೊನೆಯ ಅಕ್ಷರಗಳನ್ನು ಜಾತಕದ ಗಣಗಳಂತೆ ಕೂಡಿಸಿ ನೋಡುತ್ತಾನೆ.

ಎಸ್.ಪಿ. ರಸ್ತೆಗೇ ಹೋಗಿ ತರುವುದು ಹಳೆಯ ಸಂಪ್ರದಾಯ. ಆ ಇಕ್ಕಟ್ಟಿನಲ್ಲಿ ಮೂರು ಅಂಗಡಿ ವಿಚಾರಿಸಿ, ನಾಲ್ಕನೆಯದರಲ್ಲಿ ತಗೊಂಡು, ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಮೆಟ್ರೊ ಹತ್ತುತ್ತಾನೆ. ಸ್ಕೂಟರಿನಲ್ಲಿ ತಂದರೆ ಬೆಂಗಳೂರಿನ ಗುಂಡಿಗಳೇ ಡಿಸ್ಕಿನ ಮೊದಲ ಪರೀಕ್ಷೆಯಾಗಿಬಿಡುತ್ತವೆ. ಮನೆಯಲ್ಲಿ ಬೆಲೆ ಹೇಳುವಾಗ 18 ಶೇಕಡ ಜಿಎಸ್‌ಟಿ ಬಿಟ್ಟು ಹೇಳುವುದೂ ಸಂಪ್ರದಾಯವೇ.

ಮುಂದಿನ ಘಟ್ಟ ಅತ್ಯಂತ ಅಪಾಯದ್ದು, ಆದರೆ ಅರ್ಧ ನಿಮಿಷದ್ದು. ನಾಲ್ಕರಲ್ಲಿ ಸತ್ತದ್ದು ಯಾವುದು? ಪರದೆ ‘ಮೂರನೆಯ ಡಿಸ್ಕು’ ಎನ್ನುತ್ತದೆ. ಪೆಟ್ಟಿಗೆ ಒಂದರಿಂದ ಎಣಿಸುತ್ತದೆ. ಇಪ್ಪತ್ತು ವರ್ಷ ಕೋಡು ಬರೆದ ಗೃಹಸ್ಥ ಸೊನ್ನೆಯಿಂದ ಎಣಿಸುತ್ತಾನೆ. ಅವನ ಬೆರಳು ನಾಲ್ಕನೆಯದರ ಮೇಲೆ ಹೋಗಿ ನಿಲ್ಲುತ್ತದೆ. ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ಎಳೆದರೆ ಎರಡು ಹಾಳೆ ಹರಿದಂತೆ, ಸಮೂಹವೇ ಕುಸಿಯುತ್ತದೆ. ಆದ್ದರಿಂದ ಸೀರಿಯಲ್ ನಂಬರು ಹೊಂದಿಸಿ ನೋಡುವುದೇ ದಾರಿ. ಅಡುಗೆಮನೆಯಲ್ಲಿ ಉದ್ದಿನಬೇಳೆ, ಹೆಸರುಬೇಳೆ ಡಬ್ಬಗಳಿಗೆಲ್ಲ ಚೀಟಿ ಅಂಟಿರುವ ಈ ಮನೆಯಲ್ಲಿ ಡಿಸ್ಕುಗಳಿಗೆ ಮಾತ್ರ ಚೀಟಿ ಇಲ್ಲವೆಂಬುದು ಆಗ ಬೆಳಕಿಗೆ ಬರುತ್ತದೆ, ಮೊಬೈಲ್ ಟಾರ್ಚಿನ ಬೆಳಕಿಗೆ.

ಹೊಸದು ಕೂತ ಮೇಲೆ ಪುನರ್ನಿರ್ಮಾಣ. ಉಳಿದ ಮೂರು ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಓದಿ, ಸರಿಬೆಸ ನೋಡಿ, ಕಳೆದುಹೋದದ್ದನ್ನು ಹೊಸದರ ಮೇಲೆ ಬರೆಯುವ ಕೆಲಸ. ಒಳಗಿರುವುದು ಫೋಟೊವೋ ಖಾಲಿ ಜಾಗವೋ ಎಂಬುದು ರೇಡ್‌ಗೆ ಸಾಮಾನ್ಯವಾಗಿ ತಿಳಿಯದು. ಖಾಲಿಯನ್ನೂ ಅಷ್ಟೇ ಶ್ರದ್ಧೆಯಿಂದ ಮರಳಿ ಕಟ್ಟುತ್ತದೆ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ನಾಲ್ಕು ಟಿಬಿಗೆ ಏಳೂವರೆ ಗಂಟೆ ಸಾಕು. ಆದರೆ ಮನೆಯಲ್ಲಿ ಯಾರಾದರೂ ಅದರಿಂದಲೇ ಸಿನಿಮಾ ನೋಡತೊಡಗಿದರೆ ಪೆಟ್ಟಿಗೆ ಮೊದಲು ಅವರನ್ನು ವಿಚಾರಿಸಿಕೊಳ್ಳುತ್ತದೆ, ತನ್ನ ಗಾಯವನ್ನು ಆಮೇಲೆ. ಹೀಗಾಗಿ ಆ ದಿನ ಡಬ್ಬ ಮಡಿಯಲ್ಲಿರುತ್ತದೆ. ಯಾರೂ ಮುಟ್ಟುವಂತಿಲ್ಲ, ಹಾಡು ಕೇಳುವಂತಿಲ್ಲ, ಪಕ್ಕದಲ್ಲಿ ಕಸ ಗುಡಿಸುವಂತಿಲ್ಲ. ಗೃಹಸ್ಥ ಹೆರಿಗೆ ವಾರ್ಡಿನ ಹೊರಗೆ ನಿಂತವನ ಹಾಗೆ ಹಾಲಿನಲ್ಲಿ ಸುತ್ತುತ್ತಾನೆ. 31.4 ಶೇಕಡ. ಕಾಫಿ. 31.6 ಶೇಕಡ.

ಆತನ ಆತಂಕಕ್ಕೆ ಆಧಾರವಿದೆ. ನಾಲ್ಕು ಡಿಸ್ಕನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡದ್ದು. ಒಂದೇ ಬ್ಯಾಚಿನ ಸಹೋದರರು ಒಂದೇ ವಯಸ್ಸಿಗೆ ಹಾಸಿಗೆ ಹಿಡಿಯುವುದುಂಟು. ಮೂರು ವರ್ಷ ನಿಧಾನವಾಗಿ ಬಾಳಿದವರಿಗೆ ಇಡೀ ದಿನ ಓಡಿಸುವ ಪರೀಕ್ಷೆ. ಅನೇಕ ಡಿಸ್ಕುಗಳ ವಿವರಪತ್ರದಲ್ಲಿ ಸುಮಾರು 12.5 ಟಿಬಿ ಓದಿದರೆ ಒಂದು ಕಡೆ ಓದಲಾಗದ ಜಾಗ ಸಿಗಬಹುದೆಂದು ಬರೆದಿರುತ್ತದೆ. ಇಲ್ಲಿ ಓದಬೇಕಾದ್ದು ಹನ್ನೆರಡು. ವಾಸ್ತವದಲ್ಲಿ ಡಿಸ್ಕುಗಳು ಕಾಗದಕ್ಕಿಂತ ಎಷ್ಟೋ ಮೇಲು. ಆದರೂ ಈ ಭಾಗಾಕಾರವನ್ನು ಆತ ರಾತ್ರಿ ಮೂರು ಸಲ ಮಾಡುತ್ತಾನೆ. ಕರೆಂಟಿನ ಭಯ ಬೇರೆ. “ಇನ್ವರ್ಟರ್ ಇದೆಯಲ್ರೀ” ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ. ಸಾಮಾನ್ಯ ಮೋಡಿನಲ್ಲಿರುವ ಇನ್ವರ್ಟರು ಬದಲಾಗುವ ಕ್ಷಣದಲ್ಲಿ ಫ್ಯಾನಿಗೆ ಏನೂ ಅನಿಸದಿದ್ದರೂ ಪೆಟ್ಟಿಗೆ ಆರಿಹೋಗಬಹುದು. ಅರ್ಧ ಬರೆದ ಲೆಕ್ಕದೊಂದಿಗೆ ಆರಿದ ಸಮೂಹ ಮತ್ತೆ ತೆರೆಯಲು ಒಪ್ಪದೆಯೂ ಇರಬಹುದು. ಪತ್ರಿಕೆಯ ‘ಇಂದು ವಿದ್ಯುತ್ ವ್ಯತ್ಯಯ’ದ ಪಟ್ಟಿಯಲ್ಲಿ ತನ್ನ ಬಡಾವಣೆ ಇದೆಯೇ ಎಂದು ಆತ ಅಂದು ಮಾತ್ರ ಓದುತ್ತಾನೆ.

ಈ ಹೊತ್ತಿನಲ್ಲೇ ಹೆಂಡತಿ ಆ ಪ್ರಶ್ನೆ ಕೇಳುವುದು. “ಅಲ್ರೀ, ಬ್ಯಾಕಪ್ಪಿಗೆ ಅಂತಲೇ ಅಲ್ವಾ ಇದನ್ನ ತಂದಿದ್ದು?” ರೇಡ್ ಎಂದರೆ ಬ್ಯಾಕಪ್ ಅಲ್ಲ ಎಂದು ಗೃಹಸ್ಥ ಗಂಭೀರವಾಗಿ ತಿದ್ದುತ್ತಾನೆ. ಅದು ನಿಜ. ಮಗ ತಪ್ಪಿ ನಾಮಕರಣದ ಫೋಲ್ಡರನ್ನು ಅಳಿಸಿದರೆ ನಾಲ್ಕು ಡಿಸ್ಕುಗಳೂ ಏಕಮತದಿಂದ ಅದನ್ನು ಮರೆಯುತ್ತವೆ. ರೇಡ್ ಕಾಯುವುದು ಡಿಸ್ಕಿನ ಸಾವನ್ನು, ಮನುಷ್ಯನ ಬೆರಳನ್ನಲ್ಲ. “ಹಾಗಾದ್ರೆ ಬ್ಯಾಕಪ್ ಎಲ್ಲಿದೆ?” ಎಂಬ ಎರಡನೆಯ ಪ್ರಶ್ನೆಗೆ ಆತ ಬೀರುವಿನ ಕಡೆ ನೋಡುತ್ತಾನೆ. ಅಲ್ಲಿರುವ ಬಾಹ್ಯ ಡಿಸ್ಕಿನಲ್ಲಿ ಗೃಹಪ್ರವೇಶದವರೆಗಿನ ಫೋಟೊಗಳಿವೆ. ಗೃಹಪ್ರವೇಶವಾಗಿ ಆರು ವರ್ಷ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ ಎಂಬುದು ಬಲ್ಲವರ ಸೂತ್ರ. ಗೃಹಸ್ಥನ ತಾಯಿ ಇದನ್ನು ಯಾರಿಂದಲೂ ಕಲಿಯದೆ ಪಾಲಿಸುತ್ತ ಬಂದಿದ್ದಾರೆ. ಮಿಡಿ ಮಾವಿನ ಉಪ್ಪಿನಕಾಯಿ ಹಾಕಿದ ವರ್ಷ ಪಿಂಗಾಣಿ ಜಾಡಿಯಲ್ಲೊಂದಿಷ್ಟು, ಗಾಜಿನ ಬಾಟಲಿಯಲ್ಲೊಂದಿಷ್ಟು, ಶಿವಮೊಗ್ಗದ ಮಗಳ ಮನೆಯಲ್ಲೊಂದಿಷ್ಟು. ಹಾಗೆ ನೋಡಿದರೆ ಈ ಮನೆಯಲ್ಲಿ ಎರಡನೆಯ ಗ್ಯಾಸ್ ಸಿಲಿಂಡರು ಸದಾ ತುಂಬಿರುತ್ತದೆ, ಟ್ಯಾಂಕಿಗೆ ಸಂಪು, ಸಂಪಿಗೆ ಡ್ರಮ್ಮು, ಬೀಗದ ಕೈಯ ಜೋಡಿ ಎದುರುಮನೆಯಲ್ಲಿ. ಜೋಡಿಯಿಲ್ಲದ ವಸ್ತು ಒಂದೇ, ಗೃಹಸ್ಥ. ಡಬ್ಬದ ಪಾಸ್‌ವರ್ಡು ಗೊತ್ತಿರುವುದು ಅವನೊಬ್ಬನಿಗೆ. ಅವನು ಆಫೀಸಿನ ಕೆಲಸಕ್ಕೆ ಸಿಂಗಪುರಕ್ಕೆ ಹೋದ ವಾರ ಬೀಪ್ ಬಂದರೆ ಮನೆಯವರಿಗೆ ಗೊತ್ತಿರುವ ವಿಧಾನವೂ ಒಂದೇ, ಪ್ಲಗ್ಗು ಕೀಳುವುದು.

ಮರುದಿನ ಸಂಜೆಗೆ ನೂರು ಶೇಕಡ. ದೀಪ ಹಸಿರಾಗುತ್ತದೆ, ಇಮೇಲ್ ಬರುತ್ತದೆ, ಅದೇ ಕ್ಷಣಕ್ಕೆ ನಿಂತಿದ್ದ ಹಸಿವೂ ಬರುತ್ತದೆ. ಲೆಕ್ಕವೆಲ್ಲ ತಾಳೆಯಾಗುತ್ತದೆಯೇ ಎಂದು ಪೂರ್ತಿ ಒಮ್ಮೆ ಓದಿ ನೋಡುವ ಸ್ಕ್ರಬ್ ಎಂಬ ಕ್ರಮವನ್ನು ತಿಂಗಳಿಗೊಮ್ಮೆ ನಿಗದಿ ಮಾಡುತ್ತಾನೆ, ಡಿಸ್ಕುಗಳಿಗೆ ಚೀಟಿ ಅಂಟಿಸುತ್ತಾನೆ, ಸೊನ್ನೆಯಿಂದ.

ಸತ್ತ ಡಿಸ್ಕನ್ನು ಗುಜರಿಗೆ ಹಾಕಲು ಮನಸ್ಸು ಬಾರದು. ಒಳಗೆ ಮನೆಯ ಚೂರುಗಳಿವೆ. ಒಂದು ಭಾನುವಾರ ನಕ್ಷತ್ರದ ಮೊನೆಯ ಸ್ಕ್ರೂಡ್ರೈವರ್ ಹುಡುಕಿ ಬಿಚ್ಚುತ್ತಾನೆ. ಹೊಳೆಯುವ ತಟ್ಟೆಗಳು ಮಗನ ಪಾಲಾಗುತ್ತವೆ. ಒಳಗಿನ ಅಯಸ್ಕಾಂತಗಳು ಎಷ್ಟು ಬಿಗಿಯೆಂದರೆ ಫ್ರಿಜ್ಜಿನಿಂದ ಕೀಳಲು ಉಗುರು ಸಾಲದು. ಒಂದರ ಕೆಳಗೆ ಹೊಸ ಡಿಸ್ಕಿನ ಬಿಲ್ಲು ಸಿಕ್ಕಿಸುತ್ತಾನೆ. ಅಂಗಡಿಯ ಮೆಷಿನ್ನಿನ ಬಿಲ್ಲಿನಲ್ಲಿ ಅಕ್ಷರ ವಾರಂಟಿಗಿಂತ ಮೊದಲೇ ಮಾಸುವುದರಿಂದ, ಇನ್ನೊಂದರ ಕೆಳಗೆ ಅದರ ಜೆರಾಕ್ಸ್.