ವರ್ಷನ್ ಕಾಕಾ

ಸುರಪುರ ಸೀಮೆಯ ಬೋನಾಳದ ಕಡೆ ಎದುರು ಸಿಕ್ಕವರನ್ನು ಜನ ಕೇಳುವುದು ಮೂರೇ ಮಾತು. ಆರಾಮ ಅದೀರಿ? ಮಳಿ ಹ್ಯಾಂಗದ? ಹತ್ತಿ ರೇಟು ಎಲ್ಲಿಗಿ ಬಂತು? ಇವಕ್ಕೆ ನಾಲ್ಕನೆಯದನ್ನು ಸೇರಿಸಿದ ಕೀರ್ತಿ ವರ್ಷನ್ ಕಾಕಾನದು. "ನಿಂದು ವರ್ಷನ್ ಎಷ್ಟದ?"

ಕಾಕಾನಿಗೆ ಹಡೆದವರು ಇಟ್ಟ ಹೆಸರೊಂದಿದೆ. ಅದು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ, ಹೊರಗೆ ಬಂದದ್ದು ಕಡಿಮೆ. ನಮಗೂ ಅದು ಬೇಡ. ಸುರಪುರ, ಕೆಂಭಾವಿ, ಹುಣಸಗಿ, ಶಹಾಪುರ, ಎಲ್ಲಿಯ ಚಹಾದಂಗಡಿಗೆ ಹೋದರೂ ಇಂಥವನೊಬ್ಬ ಬೆಂಚಿನ ತುದಿಯಲ್ಲಿ ಕೂತಿರುತ್ತಾನೆ. ವಯಸ್ಸು ಐವತ್ತು ದಾಟಿದೆ, ಕನ್ನಡಕ ಮೂಗಿನ ತುದಿಗಿದೆ. ಅಂಗಿಯ ಕಿಸೆಯಲ್ಲಿ ಫೋನು, ಫೋನಿಗೆ ಕವರು, ಕವರಿನೊಳಗೆ ಆಧಾರ್ ಕಾರ್ಡಿನ ಝೆರಾಕ್ಸು. ಅವನ ಮುಂದೆ ಯಾವ ದೂರು ಇಟ್ಟರೂ ತನಿಖೆ ಒಂದೇ ಕಡೆಯಿಂದ ಶುರುವಾಗುತ್ತದೆ. ಫೋನ್‌ಪೇ ಹೋಗಲೊಲ್ಲದು, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತೊಗರಿಯ ಫೋಟೊ ಹತ್ತಲೊಲ್ಲದು, ಅಳಿಯ ಫೋನು ಎತ್ತಲೊಲ್ಲ. "ತಡಿ, ಮೊದಲ ವರ್ಷನ್ ನೋಡೋಣು."

ಆ ನೋಡುವ ರೀತಿಯೇ ನೋಡುವಂಥದ್ದು. ಫೋನು ಕೈಗೆ ಬಂದ ಕೂಡಲೇ ಅದನ್ನು ಧೋತರದ ಚುಂಗಿಗೆ ಎರಡು ಸಲ ಒರೆಸುತ್ತಾನೆ. ಹೆಬ್ಬೆರಳಿನಿಂದ ಪರದೆಯನ್ನು ಮೇಲಿನಿಂದ ಕೆಳಗೆಳೆದು ಹಲ್ಲಿನ ಗಾಲಿಯ ಗುರುತು ಒತ್ತುತ್ತಾನೆ. ಸೆಟ್ಟಿಂಗ್ಸ್ ತೆರೆಯುತ್ತದೆ. ವೈಫೈ, ಬ್ಲೂಟೂತ್, ಡಿಸ್‌ಪ್ಲೇ, ಬ್ಯಾಟರಿ, ಯಾವುದಕ್ಕೂ ನಿಲ್ಲದೆ ಪಾತಾಳದ ತನಕ ಒಂದೇ ಎಳೆತ. ಅಲ್ಲಿದೆ ಅಬೌಟ್ ಫೋನ್. ಕೆಲವು ಕಂಪನಿಯವರು ಅದನ್ನು ಪಟ್ಟಿಯ ತಲೆಯ ಮೇಲೆಯೇ ಕೂಡಿಸಿರುತ್ತಾರೆ. ಅಂಥ ಫೋನು ಕಂಡರೆ ಕಾಕಾನಿಗೆ ಅಸಮಾಧಾನ: "ತಪಸ್ಸು ಮಾಡದs ದರ್ಶನ ಕೊಟ್ರ ದೇವರಿಗಿ ಏನ್ ಕಿಮ್ಮತ್ತು?" ಸ್ಯಾಮ್‌ಸಂಗ್ ಆದರೆ ಖುಷಿ, ಅಲ್ಲಿ ಸಾಫ್ಟ್‌ವೇರ್ ಇನ್‌ಫಾರ್ಮೇಶನ್ ಎಂಬ ಇನ್ನೊಂದು ಬಾಗಿಲು ದಾಟಬೇಕು.

ಒಳಗೆ ಹೋದ ಮೇಲೆ ಕಾಕಾ ಗಟ್ಟಿ ದನಿಯಲ್ಲಿ ಓದುತ್ತಾನೆ. ಆಂಡ್ರಾಯ್ಡ್ ವರ್ಷನ್, ಸೆಕ್ಯುರಿಟಿ ಪ್ಯಾಚು, ಬೇಸ್‌ಬ್ಯಾಂಡು, ಕರ್ನಲ್. ಕರ್ನಲ್ ಅಂದಾಗ ಪಕ್ಕದ ಮುದುಕರು ತಲೆದೂಗುತ್ತಾರೆ. ಸುರಪುರ ಸೀಮೆಯವರಿಗೆ ಕರ್ನಲ್ ಅಂದರೆ ಬ್ರಿಟಿಷರ ಕಾಲದ ಮೆಡೋಸ್ ಟೇಲರ್ ಸಾಹೇಬನೇ. ಅವನ ಬಂಗಲೆ ಟೇಲರ್ ಮಂಜಿಲ್ ಇನ್ನೂ ಸುರಪುರದಲ್ಲಿದೆ. "ಇಂವ ಆ ಕರ್ನಲ್ ಅಲ್ಲ," ಎಂದು ಕಾಕಾ ತಿದ್ದುತ್ತಾನೆ, "ಲಿನಕ್ಸ್ ಮನೆತನದಂವ." ಮುದುಕರು ಅದಕ್ಕೂ ತಲೆದೂಗುತ್ತಾರೆ.

ಇತಿಹಾಸ ಶುರು ಮಾಡಿದನೆಂದರೆ ಎರಡನೇ ಚಹಾ ಖಾತ್ರಿ. ಆಂಡ್ರಾಯ್ಡಿನ ಮೊದಲ ಫೋನು ಬಂದದ್ದು 2008ರಲ್ಲಿ. ಮರುವರ್ಷದಿಂದ ಪ್ರತಿ ವರ್ಷನ್ನಿಗೂ ಒಂದು ಸಿಹಿ ತಿಂಡಿಯ ಹೆಸರು, ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ. ಕಪ್‌ಕೇಕ್, ಡೋನಟ್, ಎಕ್ಲೇರ್, ಫ್ರೋಯೊ, ಜಿಂಜರ್‌ಬ್ರೆಡ್, ಕಾಕಾ ಇವನ್ನು ವಾರದ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಾನೆ. ಕಿಟ್‌ಕ್ಯಾಟ್ ಒಂದನ್ನು ಬಿಟ್ಟರೆ ಯಾವುದನ್ನೂ ತಿಂದವನಲ್ಲ. ಅವನ ದುಃಖ ಬೇರೆಯೇ ಇದೆ. "2011ರಾಗ ಎಚ್ ಅಕ್ಷರ ಬಂತು. ಹೋಳಿಗಿ ಇಡಬಹುದಿತ್ತು, ಹುಗ್ಗಿ ಇಡಬಹುದಿತ್ತು. ಹನಿಕೂಂಬ್ ಇಟ್ರು, ಅದೂ ಬರೇ ಟ್ಯಾಬ್ಲೆಟ್ಟಿಗಿ. 2015ರಾಗ ಎಮ್ ಬಂತು. ಮಾದಲಿ ಇರಾಕಿ ಮಾರ್ಷ್‌ಮೆಲೋ!" 2016ರಲ್ಲಿ ಎನ್ ಬಂದಾಗ ಮಲಯಾಳಿಗಳು ನೆಯ್ಯಪ್ಪಂ ಹೆಸರಿಡಿ ಎಂದು ಗೂಗಲ್‌ಗೆ ದುಂಬಾಲು ಬಿದ್ದಿದ್ದರು, ಸಿಕ್ಕದ್ದು ನೂಗಟ್. ಕೇಳುವುದಕ್ಕಾದರೂ ಅವರಿಗೆ ಬಾಯಿತ್ತು, ನಮ್ಮವರು ಮಾದಲಿ ತಿಂದು ಮಲಗಿದರು ಎಂಬುದು ಕಾಕಾನ ಕೊರಗು. 2019ರಲ್ಲಿ ಹತ್ತನೆಯ ವರ್ಷನ್ ಬಂದಾಗ ಗೂಗಲ್ಲು ತಿಂಡಿಯನ್ನೇ ಬಿಟ್ಟು ಬರೀ ನಂಬರಿಗೆ ಇಳಿಯಿತು. ಈ ಹೆಸರುಗಳು ಜಗತ್ತಿನ ಎಲ್ಲರಿಗೂ ತಿಳಿಯುವುದಿಲ್ಲ ಎಂದು ಕಾರಣ ಕೊಟ್ಟಿತು. ಒಳಗೊಳಗೆ ತಿಂಡಿ ನಡೆದೇ ಇದೆ: ಹದಿಮೂರಕ್ಕೆ ಟಿರಾಮಿಸು, ಹದಿನಾರಕ್ಕೆ ಬಕ್ಲಾವಾ. "ಉಪವಾಸ ಅಂತ ಸಾರಿ ಅಡಗಿಮನ್ಯಾಗ ತಿನ್ನಾಕತ್ಯಾರ," ಎನ್ನುತ್ತಾನೆ.

ಇಷ್ಟಾದರೂ ಕಾಕಾನಿಗೆ ಗೊತ್ತಿಲ್ಲದೆ ಮಾತಾಡುವ ಚಟ ಇಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಒಮ್ಮೆ ಬಸ್ ನಿಲ್ದಾಣದ ಬಳಿ ಇಬ್ಬರು ಕಾಲೇಜು ಹುಡುಗರು ಜಗಳಕ್ಕೆ ನಿಂತಿದ್ದರು. ಒಬ್ಬನದು ಶಿಯೋಮಿ, ಅವನ ಫೋನಿನಲ್ಲಿ ಹದಿನಾಲ್ಕು. ಇನ್ನೊಬ್ಬನದು ಸ್ಯಾಮ್‌ಸಂಗ್, ಅದರಲ್ಲಿ ಐದು. ಹದಿನಾಲ್ಕರವನು ಐದರವನಿಗೆ ಸೆಟ್ಟು ಮಾರಿ ಚಹಾ ಕುಡಿ ಎಂದಿದ್ದ. ಕಾಕಾ ಎರಡನ್ನೂ ಇಸಿದುಕೊಂಡು ಒಂದೊಂದು ತೊಡೆಯ ಮೇಲೆ ಇಟ್ಟುಕೊಂಡ. ಶಿಯೋಮಿಯವನು ಹೆಮ್ಮೆಪಟ್ಟದ್ದು ಕಂಪನಿ ಹೊದಿಸಿದ ಮೇಲಂಗಿಯ ನಂಬರಿಗೆ, ಎಂಐಯುಐ ಹದಿನಾಲ್ಕು. ಸ್ಯಾಮ್‌ಸಂಗಿನ ಅಂಗಿ ಒನ್ ಯುಐ ಐದು. ಅಂಗಿ ಸರಿಸಿ ನೋಡಿದರೆ ಎರಡರ ಮೈಯೂ ಆಂಡ್ರಾಯ್ಡ್ ಹದಿಮೂರು. "ಅಂಗಿ ನಂಬರ್ ನೋಡಿ ಮನಷಾನ ಎತ್ತರ ಹೇಳ್ತೀರೇನ್ರೋ?" ಐದರವನು ಅಂದಿನ ಚಹಾದ ದುಡ್ಡು ಕೊಟ್ಟ. ಈ ಒಂದು ತಿಳಿವಳಿಕೆಯಿಲ್ಲದೆ ಫೋನು ಕೊಂಡವರು ನಮ್ಮಲ್ಲಿ ಬಹಳ ಮಂದಿ. ಅಂಗಡಿಯವನು ಯಾವ ನಂಬರು ದೊಡ್ಡದೋ ಅದನ್ನೇ ಹೇಳುತ್ತಾನೆ.

ಕಾಕಾನನ್ನು ಕೆಡಿಸಿದ್ದು ಬಿಲ್ಡ್ ನಂಬರು. ಅದರ ಮೇಲೆ ಏಳು ಸಲ ಬೆರಳು ಕುಟ್ಟಿದರೆ ಆಂಡ್ರಾಯ್ಡು, ನೀವೀಗ ಡೆವಲಪರ್ ಆದಿರಿ ಎಂದು ತಾನಾಗಿಯೇ ಸಾರುತ್ತದೆ. ಗುಪ್ತವಾಗಿಟ್ಟ ಸೆಟ್ಟಿಂಗುಗಳ ಪಟ್ಟಿ ತೆರೆಯುವ ಸಂಜ್ಞೆ ಅದು, ಅಷ್ಟೆ. ಕಾಕಾ ಅದನ್ನು ಪದವಿ ಪ್ರದಾನ ಎಂದೇ ಸ್ವೀಕರಿಸಿದ. ಬೋನಾಳದ ಹುಡುಗರು ಬೆಂಗಳೂರಿಗೆ ಹೋಗಿ ನಾಲ್ಕು ವರ್ಷ ಓದಿ ಆಗುವುದನ್ನು ತಾನು ಕೆರೆಯ ಏರಿಯ ಮೇಲೆ ಏಳು ಕುಟ್ಟಿಗೆ ಆದೆನೆಂದು ಹೇಳಿಕೊಂಡು ತಿರುಗಿದ. ಊರಿನ ಒಬ್ಬ ಹುಡುಗನ ಕಡೆ ಹೆಣ್ಣಿನವರು ಬಂದು, ವರ ಏನು ಮಾಡುತ್ತಾನೆ ಎಂದು ಚಹಾದಂಗಡಿಯಲ್ಲಿ ವಿಚಾರಿಸಿದಾಗ ಕಾಕಾ ಹಿಂದೆಮುಂದೆ ನೋಡದೆ "ಡೆವಲಪರ್ ಅದಾನ, ನಾನs ಮಾಡೀನಿ" ಅಂದುಬಿಟ್ಟ. ಸಂಬಂಧ ಕುದುರಿತು. ಹುಡುಗ ಈಗಲೂ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಫೋನು ಮಾತ್ರ ಚುರುಕಾಗಿದೆ. ಆ್ಯನಿಮೇಶನ್ ಸ್ಕೇಲನ್ನು ಅರ್ಧಕ್ಕೆ ಇಳಿಸಿದರೆ ಪರದೆಗಳು ಬೇಗ ಬೇಗ ಸರಿಯುತ್ತವೆ. ಕಾಕಾನ ಕೈಗುಣ ಎಂದು ಊರು ನಂಬಿರುವುದರ ಮುಕ್ಕಾಲು ಪಾಲು ಇದೇ.

ಈಗ ಊರಿನ ಮುಖ್ಯ ಸಂಕಟಕ್ಕೆ ಬರೋಣ. ವರ್ಷನ್ ತಿಳಿದ ಮೇಲೆ ಏನು? ಮುಂದಿನದು ಯಾಕೆ ಬರುವುದಿಲ್ಲ? ಇದನ್ನು ಕಾಕಾ ವಿವರಿಸುವಾಗ ನಾರಾಯಣಪುರದ ಎಡದಂಡೆ ಕಾಲುವೆ ಮಧ್ಯೆ ಹರಿಯುತ್ತದೆ. ಡ್ಯಾಮಿನ ಗೇಟು ಎತ್ತುವುದು ಗೂಗಲ್. ಮೊದಲ ನೀರು ಅದರ ಸ್ವಂತ ಹೊಲಕ್ಕೆ, ಅಂದರೆ ಪಿಕ್ಸೆಲ್ ಫೋನಿಗೆ. ಆಮೇಲೆ ಚಿಪ್ಪು ಮಾಡುವ ಕಂಪನಿ ತನ್ನ ಭಾಗವನ್ನು ಹೊಂದಿಸಬೇಕು. ಫೋನು ಮಾಡುವ ಕಂಪನಿ ತನ್ನ ಅಂಗಿ ಹೊಲಿಯಬೇಕು, ಒಂದೊಂದು ಮಾಡೆಲ್ಲಿಗೂ ಪರೀಕ್ಷೆ ಮಾಡಬೇಕು. ಮೊದಲ ಪಾಳಿ ಎಪ್ಪತ್ತು ಎಂಬತ್ತು ಸಾವಿರದ ಸೆಟ್ಟುಗಳದು; ಅಂಥ ಕೆಲವಕ್ಕೆ ಗೂಗಲ್ಲೂ ಸ್ಯಾಮ್‌ಸಂಗೂ ಏಳು ವರ್ಷದ ಅಪ್‌ಡೇಟಿನ ಮಾತು ಕೊಟ್ಟಿವೆ. ಎಂಟು ಸಾವಿರದ ಫೋನು ಕಾಲುವೆಯ ಕೊನೆ, ಟೇಲ್ ಎಂಡ್. ಮೇಲಿನವರು ಎರಡನೇ ಬೆಳೆ ಭತ್ತ ನಾಟಿ ಮಾಡುವ ಹೊತ್ತಿಗೆ ಕೊನೆಯವನು ಒಣ ಕಾಲುವೆಯಲ್ಲಿ ಧರಣಿ ಕೂತಿರುತ್ತಾನೆ. 2017ರ ಎಂಟನೆಯ ವರ್ಷನ್ನಿನಲ್ಲಿ ಗೂಗಲ್ಲು ಟ್ರೆಬಲ್ ಎಂಬ ಏರ್ಪಾಟು ತಂದು ಚಿಪ್ಪಿನ ಭಾಗವನ್ನೂ ಆಂಡ್ರಾಯ್ಡಿನ ಭಾಗವನ್ನೂ ಬೇರೆಬೇರೆ ಮಾಡಿತು. ಕಾಲುವೆಯ ಹೂಳು ಅಷ್ಟರಮಟ್ಟಿಗೆ ಕಡಿಮೆಯಾಯಿತು. "ಹೂಳು ತಗದ್ರು, ಖರೇ. ಗೇಟಿನ ಕೀಲಿ ಯಾರ ಕೈಯಾಗ ಅದ?" ಎಂದು ಕಾಕಾ ಕೇಳಿದಾಗ ಬೆಂಚಿನಲ್ಲಿದ್ದ ಟೇಲ್ ಎಂಡಿನ ರೈತನೊಬ್ಬ, ಫೋನೇ ಇಲ್ಲದವನು, ನಿಟ್ಟುಸಿರು ಬಿಟ್ಟ.

ಸೆಕ್ಯುರಿಟಿ ಪ್ಯಾಚಿನ ತಾರೀಖು ಓದುವಾಗ ಮಾತ್ರ ಕಾಕಾ ನಗುವುದಿಲ್ಲ. ಕಳ್ಳರು ನುಗ್ಗುವ ಸಂದಿಗಳನ್ನು ಕಂಪನಿ ಕೊನೆಯ ಸಲ ಮುಚ್ಚಿದ್ದು ಯಾವಾಗ ಎಂದು ಹೇಳುವ ಸಾಲು ಅದು. ವರ್ಷನ್ ಹಳೆಯದಿದ್ದರೂ ಪ್ಯಾಚು ಹೊಸದಿದ್ದರೆ ಸಮಾಧಾನ. ಪ್ಯಾಚು ಎರಡು ಮೂರು ವರ್ಷದ ಹಿಂದಿನದಾದರೆ ಕಾಕಾ ದನಿ ತಗ್ಗಿಸಿ, "ಇದರಾಗ ಬ್ಯಾಂಕಿಂದು ಏನೂ ಇಡಬ್ಯಾಡ ತಂಗಿ" ಎನ್ನುತ್ತಾನೆ. ನನಗೆ ಕೇಳಿದರೆ ಅವನ ಎಲ್ಲ ಭಾಷಣಗಳಲ್ಲಿ ಕಾಸಿನ ಬೆಲೆಯಿರುವ ವಾಕ್ಯ ಇದೊಂದೇ. ಜನ ಅದನ್ನು ಬಿಟ್ಟು ಮಿಕ್ಕದ್ದನ್ನು ನೆನಪಿಟ್ಟಿದ್ದಾರೆ.

ಹತ್ತಿ ಬಿಡಿಸುವ ದಿನಗಳಲ್ಲಿ ಒಬ್ಬ ಮುದುಕಿ ಬಂದಳು. ಮಗ ಪುಣೆಯಿಂದ ಮಾಡುವ ಫೋನು ಕೇಳಿಸುವುದಿಲ್ಲ, ಗಂಟೆಯೂ ಬಾರಿಸುವುದಿಲ್ಲ. ಕಾಕಾ ಒರೆಸಿದ, ಎಳೆದ, ಓದಿದ. ಆಂಡ್ರಾಯ್ಡ್ ಹತ್ತು, ಪ್ಯಾಚು 2021ರದು. "ಯವ್ವ, ಇದಕ್ಕ ಇನ್ನ ಅಪ್‌ಡೇಟ್ ಬರಂಗಿಲ್ಲ. ಹಳೀ ವರ್ಷನ್‌ದಾಗ ಆಡಿಯೋ ಹಿಂಗs." ಹತ್ತಕ್ಕೂ ಹನ್ನೊಂದಕ್ಕೂ ಇರುವ ಅಂತರ ಹೇಳತೊಡಗಿದ. ಮುದುಕಿ ಒಂದಿಷ್ಟು ಹೊತ್ತು ಕೇಳಿ, ಬಳೆಗೆ ಸಿಕ್ಕಿಸಿದ್ದ ಪಿನ್ನ ಬಿಚ್ಚಿ, ಫೋನನ್ನು ತಲೆಕೆಳಗೆ ಹಿಡಿದು ಸ್ಪೀಕರಿನ ತೂತಿನ ಸಾಲನ್ನು ಮೆಲ್ಲಗೆ ಕೆದರಿದಳು. ಮೊದಲು ಹತ್ತಿಯ ಎಳೆ ಬಂತು. ಆಮೇಲೆ ತಂಬಾಕಿನ ಪುಡಿ ಸೇರಿ ಗಟ್ಟಿಯಾದ ಕರೀ ಮಣ್ಣು, ಸಾಸಿವೆಯ ಗಾತ್ರದ್ದು. ಊದಿದಳು. ಅಂಗಡಿಯ ಹುಡುಗ ಮಿಸ್ ಕಾಲ್ ಕೊಟ್ಟ. ಎಲ್ಲಮ್ಮನ ಹಾಡು ಏರಿಯ ತನಕ ಕೇಳಿಸಿತು.

"ಪಿನ್ನ ಹಾಕಿದ್ರ ವಾರಂಟಿ ಹೋಗ್ತದ," ಅಂದ ಕಾಕಾ.

"ನನಗs ವಾರಂಟಿ ಇಲ್ಲ," ಎಂದು ಆಕೆ ಹೋದಳು.

ಚಳಿಗಾಲ ಕಾಕಾನ ಸುಗ್ಗಿ. ಬೋನಾಳದ ಕೆರೆ ಸುರಪುರದ ಅರಸರ ಕಾಲದ್ದು, ಈಗ ಪಕ್ಷಿಧಾಮ. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅವುಗಳ ಹಿಂದೆ ಮೊಳದುದ್ದದ ಕ್ಯಾಮೆರಾ ಹೊತ್ತ ಬೆಂಗಳೂರಿನವರು. ಹೆಬ್ಬಾತು ಇಳಿದರೆ ಅಪ್‌ಡೇಟಿನ ಕಾಲ ಎಂದು ಕಾಕಾ ಲೆಕ್ಕ ಹಾಕಿಟ್ಟಿದ್ದ. ಲೆಕ್ಕ ತೀರಾ ಸುಳ್ಳೂ ಅಲ್ಲ. ಹನ್ನೆರಡನೆಯದು 2021ರ ಅಕ್ಟೋಬರಿನಲ್ಲಿ ಬಂತು, ಹದಿನಾಲ್ಕನೆಯದು 2023ರ ಅಕ್ಟೋಬರಿನಲ್ಲಿ. ಕಾಲುವೆ ಹಾದು ಇಲ್ಲಿಗೆ ಮುಟ್ಟುವಾಗ ಚಳಿ ಬಿದ್ದಿರುತ್ತಿತ್ತು. ಹದಿಮೂರನೆಯದು 2022ರ ಆಗಸ್ಟ್ 15ಕ್ಕೇ ಬಿಡುಗಡೆಯಾದಾಗ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ಗೂಗಲ್ಲು ಕೊಟ್ಟ ಗೌರವವೆಂದು ಒಪ್ಪಿಕೊಂಡ. ಆದರೆ ಹದಿನಾರನೆಯದನ್ನು 2025ರ ಜೂನಿನಲ್ಲೇ ಬಿಟ್ಟರು. ಆಗ ಕೆರೆಯಲ್ಲಿ ಹೆಬ್ಬಾತಿನ ಒಂದು ಪುಕ್ಕವೂ ಇರಲಿಲ್ಲ. ಕಾಕಾನಿಗೆ ಇದು ಕೊಡೇಕಲ್ಲಿನ ಕಾಲಜ್ಞಾನದ ಭವಿಷ್ಯವಾಣಿಯೇ ತಪ್ಪಿದಷ್ಟು ಆಘಾತ. ಮುಂಗಾರಿನಲ್ಲಿ ಅಪ್‌ಡೇಟ್ ಬಿಟ್ಟರೆ ಬಿತ್ತುವವರು ನೋಡುವುದು ಯಾವಾಗ ಎಂದು ವಾರಗಟ್ಟಲೆ ಗೊಣಗಿದ.

ಆ ಕ್ಯಾಮೆರಾದವರ ಕಿಸೆಯಿಂದ ಐಫೋನು ಹೊರಬಂದರೆ ಕಾಕಾ ಕೈ ಹಿಂದೆಗೆಯುತ್ತಾನೆ. "ಅದು ಬ್ಯಾರೆ ಧರ್ಮದ್ದು. ನಾವು ತಿಂಥಣಿ ಮೌನಪ್ಪಯ್ಯನ ಸೀಮಿಯವರು, ಯಾವ ಧರ್ಮಕ್ಕೂ ಕೆಟ್ಟ ಮಾತಾಡಂಗಿಲ್ಲ. ಆದ್ರ ಅದರ ವರ್ಷನ್ ನನಗ ಕೇಳಬ್ಯಾಡ್ರಿ."

ಅಂಥವರಲ್ಲಿ ಒಬ್ಬಾಕೆ, ಹಕ್ಕಿಗಳ ಪಟ್ಟಿಯನ್ನು ಫೋನಿಗೆ ಏರಿಸುತ್ತಿದ್ದವಳು, ಸಹಜವಾಗಿ ಕೇಳಿದಳು: ನೀವು ಈ ಫೋನಿನಲ್ಲಿ ಹೆಚ್ಚಾಗಿ ಏನು ಮಾಡುತ್ತೀರಿ ಅಂಕಲ್? ಕಾಕಾ ಆ ಪ್ರಶ್ನೆಯನ್ನು ಹಿಂದೆಂದೂ ಎದುರಿಸಿರಲಿಲ್ಲ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. "ಅಪ್‌ಡೇಟ್ ಮಾಡ್ತೀನ್ರಿ."

ಮಾತು ನಿಜ. ಮನೆಯಲ್ಲಿ ಗ್ಯಾಸು ಮುಗಿದ ದಿನ ಹೆಂಡತಿ ಬುಕ್ ಮಾಡಿರಿ ಅಂದಾಗ ಅವನ ಫೋನಿನಲ್ಲಿ ಹೊಸ ವರ್ಷನ್ ಇಳಿಯುತ್ತಿತ್ತು. ಮುಟ್ಟಬಾರದು, ಚಾರ್ಜರ್ ಕೀಳಬಾರದು, ಕರೆಂಟು ಹೋಗಬಾರದು. ಕಡೆಯದು ಯಾರ ಕೈಯಲ್ಲೂ ಇಲ್ಲದ್ದರಿಂದ ಕಾಕಾ ಪಕ್ಕದಲ್ಲೇ ಕೂತು ಕಾವಲು ಕಾದ. ಹೆಂಡತಿ ಲಟ್ಟಣಿಗೆ ಇಟ್ಟು, ತನ್ನ ಗುಂಡಿಯ ಫೋನಿನಿಂದ ಒಂದು ಮಿಸ್ ಕಾಲ್ ಕೊಟ್ಟು ಬುಕ್ ಮಾಡಿ, ಒಲೆ ಹಚ್ಚಲು ಕಟ್ಟಿಗೆ ತರಲು ಹೋದಳು. ಅಪ್‌ಡೇಟ್ ಮುಗಿದ ಮೇಲೆ ಕಾಕಾ ಊರಿಗೆಲ್ಲ ತೋರಿಸಿದ: ಬ್ಯಾಟರಿಯ ಚಿತ್ರ ಮೊದಲು ನೆಟ್ಟಗೆ ನಿಂತಿತ್ತು, ಈಗ ಅಡ್ಡ ಮಲಗಿದೆ.

ಸಿಲಿಂಡರಿನ ಹುಡುಗ ಬಂದು ಓಟಿಪಿ ಕೇಳಿದ. ಒಳಗಿನಿಂದ ಹೆಂಡತಿ ನಂಬರು ಹೇಳುವಷ್ಟರಲ್ಲಿ ಕಾಕಾನ ಕಣ್ಣು ಹುಡುಗನ ಕೈಯಲ್ಲಿದ್ದ ಫೋನಿನ ಮೇಲೆ ಬಿದ್ದಿತ್ತು.

"ನಿಂದು ವರ್ಷನ್ ಎಷ್ಟದೋ?"

"ಯಾರಿಗಿ ಗೊತ್ರಿ ಕಾಕಾ. ಓಟಿಪಿ ಹೇಳ್ರಿ, ಇನ್ನ ಹತ್ತು ಮನಿ ಅದಾವ."

"ಹತ್ತು ಮನಿ ಎಲ್ಲಿ ಹೋಗ್ತಾವ, ಕೂಡು," ಎಂದು ಕಾಕಾ ಫೋನು ಇಸಿದುಕೊಂಡು ಧೋತರದ ಚುಂಗು ಹಿಡಿದ. ಹೊರಗೆ ಟಂಟಂ ಎಂಜಿನ್ ಆರಿಸಿಕೊಂಡಿತು.