‘ಸೊನ್ನೆ’ ಎಂದು ಬರೆದ ಅಮೆರಿಕದ ಕಾಲೇಜುಗಳ ಅಧ್ಯಕ್ಷರಿಗೆ



ನಮ್ಮ ಬೆಂಗಳೂರು, ಮೈಸೂರಿನ ಎಷ್ಟೋ ಹೆಣ್ಣುಮಕ್ಕಳು ಓದಲು ನಿಮ್ಮಲ್ಲಿಗೆ ಬರುತ್ತಾರೆ. ಅವರ ಹೆತ್ತವರು ನಿಮ್ಮ ಸುರಕ್ಷತಾ ವರದಿ ತೆರೆದು, ಅತ್ಯಾಚಾರದ ಸಾಲಿನಲ್ಲಿ ಸೊನ್ನೆ ಕಂಡರೆ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಆ ಸೊನ್ನೆಯ ಬಗ್ಗೆಯೇ ಈ ಪತ್ರ.

1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲೇ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ಆಕೆಯ ಅಪ್ಪ ಅಮ್ಮ ಹೋರಾಡಿದ್ದರಿಂದ, ಕ್ಯಾಂಪಸ್ಸಿನ ಅಪರಾಧಗಳನ್ನು ಪ್ರತಿವರ್ಷ ಪ್ರಕಟಿಸಬೇಕೆಂಬ ಕಾನೂನು 1990ರಲ್ಲಿ ಬಂತು. ಆ ಕಾನೂನಿನಡಿ 2014ರ ಲೆಕ್ಕ ಕೊಡುವಾಗ ನಿಮ್ಮಲ್ಲಿ ಶೇ 91ರಷ್ಟು ಕಾಲೇಜುಗಳು ಒಂದು ಅತ್ಯಾಚಾರವೂ ವರದಿಯಾಗಿಲ್ಲ ಎಂದವು. 2015ರಲ್ಲಿ 27 ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನೇ ಕೇಳಿದಾಗ, ಪದವಿ ಓದುತ್ತಿದ್ದ ಯುವತಿಯರಲ್ಲಿ ಶೇ 23.1ರಷ್ಟು ಮಂದಿ, ಕಾಲೇಜು ಸೇರಿದ ಮೇಲೆ ಬಲವಂತದ ಅಥವಾ ಮೈಮೇಲೆ ಎಚ್ಚರವಿಲ್ಲದಾಗಿನ ಲೈಂಗಿಕ ದೌರ್ಜನ್ಯ ನಮ್ಮ ಮೇಲೆ ನಡೆದಿದೆ ಎಂದರು.

ಈ ಸಮೀಕ್ಷೆಯನ್ನು ತಳ್ಳಿಹಾಕಲು ಕಾರಣ ಹುಡುಕುವವರಿಗೆ ಕಾರಣ ಸಿಗುತ್ತದೆ. ಉತ್ತರಿಸಿದವರು ಶೇ 19.3 ಮಾತ್ರ. ನೊಂದವರೇ ಹೆಚ್ಚಾಗಿ ಉತ್ತರಿಸಿರಬಹುದು. ಒಪ್ಪಿಗೆಯಿಲ್ಲದೆ ಮೈಮುಟ್ಟಿದ್ದೂ ಆ ಅಂಕಿಯಲ್ಲಿ ಸೇರಿದೆ, ಅಷ್ಟನ್ನೂ ಅತ್ಯಾಚಾರ ಎಂದು ಓದಬಾರದು. ಈ ಆಕ್ಷೇಪಗಳು ನ್ಯಾಯವಾದವು, ನಾನೂ ಒಪ್ಪುತ್ತೇನೆ. ಆದರೆ ನಿಮ್ಮ ಸರ್ಕಾರದ ಅಪರಾಧ ಸಮೀಕ್ಷೆಯಲ್ಲಿ ವಿದ್ಯಾರ್ಥಿನಿಯರ ಮೇಲಿನ ಅತ್ಯಾಚಾರ, ಲೈಂಗಿಕ ದೌರ್ಜನ್ಯಗಳ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 6.1 ಎಂದಿತ್ತಲ್ಲ, ಅದೇ ನಿಜ ಎನ್ನುವವರು ಅಲ್ಲಿ ಪ್ರಶ್ನೆ ಕೇಳುವ ಬಗೆಯನ್ನೂ ನೋಡಬೇಕು. ಸಂದರ್ಶಕರು ಮನೆಗೆ ಬಂದೋ ಫೋನಿನಲ್ಲೋ, ಕಳ್ಳತನ, ಹಲ್ಲೆಗಳ ಜೊತೆ ಇದನ್ನೂ ಕೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಅಮ್ಮ ಇರುವಾಗ ಹತ್ತೊಂಬತ್ತರ ಹುಡುಗಿ ಫೋನಿನಲ್ಲಿ ಏನು ಹೇಳಿಯಾಳು? ಕಾಲೇಜು ಸಮೀಕ್ಷೆಯಲ್ಲಿ ಅವಳು ಒಬ್ಬಳೇ ಪರದೆಯ ಮುಂದೆ ಕೂತು, ನಡೆದದ್ದನ್ನು ಬಿಡಿಬಿಡಿಯಾಗಿ ವಿವರಿಸುವ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ. ಅದೂ ಒಂದು ವರ್ಷದ್ದಲ್ಲ, ಕಾಲೇಜು ಸೇರಿದಂದಿನಿಂದ ಆದದ್ದು. ಈ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಅದೇ ಸರ್ಕಾರ 2016ರಲ್ಲಿ ಒಂಬತ್ತು ಕಾಲೇಜುಗಳ ಅಧ್ಯಯನ ಪ್ರಕಟಿಸಿತು. ಅಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿನಿಯರು ಉತ್ತರಿಸಿದ್ದರು. ಕಾಲೇಜು ಸೇರಿದ ಮೇಲೆ ದೌರ್ಜನ್ಯಕ್ಕೊಳಗಾದವರು ಸರಾಸರಿ ಶೇ 21. ಒಂದು ಕಾಲೇಜಿನಲ್ಲಿ ಶೇ 12, ಇನ್ನೊಂದರಲ್ಲಿ ಶೇ 38! ‘ಐವರಲ್ಲಿ ಒಬ್ಬಳು’ ಎಂದು ಎಲ್ಲ ಕಾಲೇಜಿಗೂ ಒಂದೇ ಅಂಕಿ ಹಚ್ಚುವುದು ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಅಧ್ಯಯನದಲ್ಲೇ ಇನ್ನೊಂದು ಮಾತಿದೆ: ಅತ್ಯಾಚಾರಗಳಲ್ಲಿ ಯಾವುದಾದರೂ ಅಧಿಕಾರಿಯ ಕಿವಿಗೆ ಬಿದ್ದದ್ದು ಸುಮಾರು ಎಂಟರಲ್ಲಿ ಒಂದು ಮಾತ್ರ. ನಿಮ್ಮ ಸೊನ್ನೆ ಹುಟ್ಟುವುದು ಇಲ್ಲಿ. ದೂರು ಕೇಳುವ ಕಿವಿ ಇರುವ ಕಾಲೇಜಿನಲ್ಲಿ ಅಂಕಿ ಏರುತ್ತದೆ, ಆ ಕಾಲೇಜೇ ಪೋಷಕರ ಕಣ್ಣಿಗೆ ಅಪಾಯಕಾರಿಯಾಗಿ ಕಾಣುತ್ತದೆ. ಬಾಯಿ ಮುಚ್ಚಿಸುವ ಕಾಲೇಜಿಗೆ ಒಳ್ಳೆಯ ಹೆಸರು. ಇದು ಅನ್ಯಾಯ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ವಿದ್ಯಾರ್ಥಿಗಳನ್ನು ಗುಟ್ಟು ಕಾಯ್ದು ಕೇಳಿ. ಕೇಳಿದ ಪ್ರಶ್ನೆಗಳನ್ನು ಹಾಗೆಯೇ ಅಚ್ಚು ಹಾಕಿ. ಎಷ್ಟು ಜನ ಉತ್ತರಿಸಿದರು ಎಂಬುದನ್ನೂ ಮುಚ್ಚಿಡಬೇಡಿ. ಆ ಅಂಕಿಯನ್ನು ನಿಮ್ಮ ಸೊನ್ನೆಯ ಪಕ್ಕದಲ್ಲೇ, ಅದೇ ಪುಟದಲ್ಲಿ, ನಮ್ಮ ಮಕ್ಕಳ ಅಪ್ಪ ಅಮ್ಮಂದಿರಿಗೆ ಕಾಣುವಂತೆ ಇಡಿ.

ಇಂತಿ,
ಒಬ್ಬ ಕನ್ನಡ ಓದುಗ